ಬಾವಲಿ ಪೆಟ್ಟಿಗೆಯವರು

ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರು ತೀರಿಕೊಂಡ ಮೇಲೆ ಠಾಕುರ್ಲಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಂತಾಪಸಭೆ ಮಾಡಿದರು. "ನೀವಿಬ್ಬರೂ ಮರದ ಕೆಲಸದವರು, ನೀವೇ ಎರಡು ಮಾತಾಡಿ" ಎಂದು ನನ್ನ ಕೈಗೆ ಮೈಕ್ ಕೊಟ್ಟರು. ಸರಳಜೀವಿ, ನಿಗರ್ವಿ, ಪರೋಪಕಾರಿ ಎಂದೆಲ್ಲ ಹೇಳಿದೆ. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಹತ್ತು ಮಳೆಗಾಲ ನಾನು ಕಿಟಕಿಯಲ್ಲಿ ನಿಂತು, ಅವರ ಒಂದು ಪೆಟ್ಟಿಗೆಯಾದರೂ ಒದ್ದೆಯಾಗಿ ಬಾಯಿಬಿಟ್ಟು ಕೆಳಗೆ ಬೀಳಲಿ ಎಂದು ಕಾದವನು. ಅದನ್ನು ಮೈಕಿನಲ್ಲಿ ಹೇಳಲಿಕ್ಕಾಗುತ್ತದೆಯೇ?

ಅವರ ಹೆಸರು ಬರೆಯುವುದಿಲ್ಲ. ಮನೆಯವರು ಈಗಲೂ ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಊರವರೆಲ್ಲ ಅವರನ್ನು 'ಪೆಟ್ಟಿಗೆಯವರು' ಎನ್ನುತ್ತಿದ್ದರು, ನನಗೂ ಅಷ್ಟೇ ಸಾಕು. ಕುಂದಾಪುರದ ಕಡೆಯವರು. ನಾವು ತುಳುವಿನವರಾದ್ದರಿಂದ ನಮ್ಮಿಬ್ಬರ ಮಾತು ಕನ್ನಡದಲ್ಲೇ ನಡೆಯುತ್ತಿತ್ತು. ಐರೋಲಿ ಕಡೆಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಪೆಟ್ಟಿಗೆ ಹೊಡೆದವರು. ಯಂತ್ರದ ಭಾಗಗಳನ್ನು ಹಡಗಿಗೆ ಹಾಕಲು ಬೇಕಾಗುವ ದೊಡ್ಡ ದೊಡ್ಡ ಮರದ ಪೆಟ್ಟಿಗೆ. ಆಮೇಲೆ ಕಾರ್ಖಾನೆ ಆಳು ಕಡಿಮೆ ಮಾಡಿತು, ಇವರು ಸ್ವಯಂನಿವೃತ್ತಿ ಬರೆದುಕೊಟ್ಟು ಮನೆಗೆ ಬಂದರು.

ನನ್ನ ಕೆಲಸ ಬೇರೆ. ನಾನು ಹೋಟೆಲುಗಳ ಇಂಟೀರಿಯರ್ ಮಾಡಿಸುವವನು. ಠಾಣೆಯಿಂದ ಕಲ್ಯಾಣದವರೆಗೆ ನೀವು ಯಾವುದಾದರೂ ಉಡುಪಿ ಹೋಟೆಲಿಗೆ ಹೋಗಿ ಗಲ್ಲಾದ ಕೌಂಟರಿನ ಮೇಲೆ ಕೈಯಿಟ್ಟಿದ್ದರೆ, ಅದು ನಾನು ಸವರಿದ ಮರವಾಗಿರುವ ಸಾಧ್ಯತೆ ಇದೆ. ಮರದ ಕೆಲಸದವರಲ್ಲೂ ಮೇಲುಕೀಳು ಉಂಟು. ದೇವರಮಂಟಪ ಕೆತ್ತುವವನು ಮೇಲೆ, ಬಾಗಿಲು ಕಿಟಕಿಯವನು ನಡುವೆ, ಪ್ಯಾಕಿಂಗ್ ಕೇಸು ಹೊಡೆಯುವವನು ಕಟ್ಟಕಡೆಗೆ. ಅವನನ್ನು ಆಚಾರಿ ಎಂದು ಕರೆಯುವುದೂ ಇಲ್ಲ. ಈ ಲೆಕ್ಕದಲ್ಲಿ ನಾನು ಅವರಿಗಿಂತ ಬಹಳ ಮೇಲಿದ್ದೆ. ಅವರಿಗೆ ಅದು ಗೊತ್ತೇ ಇರಲಿಲ್ಲ ಎನ್ನುವುದು ನನ್ನ ಮೊದಲ ಸಿಟ್ಟು.

ನಮ್ಮ ಸೊಸೈಟಿಯ ಎದುರಿಗೆ ಒಂದು ಹಳೆಯ ಹೆಂಚಿನ ಬಂಗಲೆ ಇತ್ತು. ಠಾಣೆಯಿಂದ ವಾಶಿಗೆ ಟ್ರಾನ್ಸ್ ಹಾರ್ಬರ್ ಗಾಡಿ ಶುರುವಾದ ಒಂದೆರಡು ವರ್ಷಕ್ಕೆ ಅದನ್ನು ಕೆಡವಿ ಟವರ್ ಏಳಿಸಲು ಹೊರಟರು. ಹೆಂಚಿನ ಮಾಡು ಬಿಚ್ಚಿದ ದಿನ ಸಂಜೆ ಪುಟ್ಟ ಪುಟ್ಟ ಬಾವಲಿಗಳು, ರೆಕ್ಕೆ ಮಡಿಚಿದರೆ ಬೆಂಕಿಪೊಟ್ಟಣದಷ್ಟಿಲ್ಲ, ನಮ್ಮ ಮೆಟ್ಟಿಲ ಹಾದಿಗೆ ನುಗ್ಗಿದವು. ಹೆಂಗಸರು ತಲೆಗೆ ಸೆರಗು ಹೊದ್ದು ಓಡಿದರು. ಮನೆಯೊಳಗೆ ಬಾವಲಿ ಬಂದರೆ ಅಪಶಕುನ ಎಂದು ಎರಡನೆಯ ಮಾಳಿಗೆಯವರು ಭಟ್ಟರಿಗೆ ಫೋನ್ ಮಾಡಿದರು. ಮರುದಿನ ಮೀಟಿಂಗಿನಲ್ಲಿ ಚೇರ್ಮನ್, "ಪೆಸ್ಟ್ ಕಂಟ್ರೋಲ್‌ವಾಲೇ ಕೋ ಬುಲಾತೇ ಹೈ, ಔರ್ ಕ್ಯಾ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಆಗ ಹಿಂದಿನ ಸಾಲಿನಿಂದ ಪೆಟ್ಟಿಗೆಯವರು ಎದ್ದರು. ಅವರ ಹಿಂದಿ ನಲವತ್ತು ವರ್ಷ ಮುಂಬಯಿಯಲ್ಲಿದ್ದರೂ ಕುಂದಾಪುರ ದಾಟಿರಲಿಲ್ಲ. "ಸಾಹೇಬ್, ಉನ್ಕಾ ಘರ್ ತೂಟ್ ಗಯಾ, ಇಸ್ಲಿಯೇ ಹಮಾರಾ ಘರ್ ಮೇ ಆಯಾ. ದೂಸ್ರಾ ಘರ್ ದೇಗಾ ತೋ ಉಧರ್ ಜಾಯೇಗಾ. ಮಚ್ಛರ್ ಭೀ ಖಾತಾ ಹೈ."

ಬೇರೆ ಮನೆ ಕೊಟ್ಟರೆ ಅಲ್ಲಿಗೆ ಹೋಗುತ್ತವೆ ಎಂದದ್ದು ಯಾರಿಗೂ ನಾಟಲಿಲ್ಲ, ಸೊಳ್ಳೆ ತಿನ್ನುತ್ತವೆ ಎಂದ ಕೂಡಲೇ ಮೀಟಿಂಗು ಮೆತ್ತಗಾಯಿತು. ಆ ವರ್ಷ ಮನೆಮನೆಯಲ್ಲೂ ಡೆಂಗಿ. ಚೇರ್ಮನ್ ಕೈ ಕೊಡವಿ, "ಠೀಕ್ ಹೈ, ಬನಾವ್" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಇವರು ಕೆಡವಿದ ಬಂಗಲೆಯ ರಾಶಿಯ ಮೇಲೆ ಕುಳಿತಿದ್ದಾರೆ. ಬಾವಲಿಗಳು ಇದ್ದ ಜಾಗವನ್ನು ಹಿಕ್ಕೆಯ ಗುರುತಿನಿಂದ ಹುಡುಕಿ, ಮಾಡಿನ ಪಕ್ಕಾಸು ಮತ್ತು ಗೋಡೆಹಲಗೆಯ ನಡುವಿನ ಸಂದಿಗೆ ಬೆರಳು ತೂರಿಸಿ ನೋಡುತ್ತಿದ್ದಾರೆ. ನನ್ನನ್ನು ಕಂಡು ಕೂಗಿದರು: "ಹೋಯ್, ಬನ್ನಿ ಇಲ್ಲಿ. ಕಾಣಿ ಮರಾಯ್ರೆ, ಕಿರುಬೆರಳ್ ಹೋಯ್ಕ್, ಹೆಬ್ಬೆರಳ್ ಹೋಪುಕಾಗ. ಇಷ್ಟೇ ಸಂದು ಬೇಕಾದ್ದು ಅವಕ್ಕೆ. ದೊಡ್ಡ ಮಾಡಿರೆ ಹೆದರಿಕೆ, ಸಣ್ಣ ಮಾಡಿರೆ ಉಸಿರು ಕಟ್ಟುತ್ತ್."

ನನ್ನ ಜೇಬಿನಲ್ಲಿ ಸ್ಟೀಲಿನ ಸ್ಕೇಲು ಇತ್ತು. ತೆಗೆದು ಅಳೆಯೋಣವೇ ಎಂದೆ. "ಬೆರಳುಂಟಲ್ಲ" ಎಂದರು. ಕಿರುಬೆರಳು ಹೋಗಬೇಕು, ಹೆಬ್ಬೆರಳು ಹೋಗಬಾರದು. ಆಮೇಲೆ ಅವರು ಮಾಡಿದ ಎಲ್ಲ ಪೆಟ್ಟಿಗೆಗಳಿಗೂ ಅದೇ ಒಂದು ಅಳತೆ.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು, ಅಥವಾ ನನ್ನಂಥವನು ನೋಡಬಾರದಿತ್ತು. ಹಳೆಯ ಕಾರ್ಖಾನೆಯ ಹೊರಗೆ ಬಿಸಾಡಿದ ಪ್ಯಾಕಿಂಗ್ ಹಲಗೆಗಳನ್ನು ಆಯ್ದು, ಠಾಣೆಯಲ್ಲಿ ಗಾಡಿ ಬದಲಿಸಿ, ಲಗೇಜ್ ಡಬ್ಬದಲ್ಲಿ ಮೀನುಬುಟ್ಟಿಗಳ ನಡುವೆ ನಿಂತು ತರುತ್ತಿದ್ದರು. ಒಂದೊಂದು ಹಲಗೆಯನ್ನೂ ಮೂಗಿಗೆ ಹಿಡಿದು ಮೂಸುವರು. ಔಷಧಿ ಹೊಡೆದ ವಾಸನೆ ಬಂದರೆ ಅಲ್ಲೇ ಬಿಡುವರು. ಒಳಗೆ ಹಾಕುವ ಹಲಗೆಗೆ ನುಣುಪು ಮಾಡುವ ರಂದ ಮುಟ್ಟಿಸುವುದಿಲ್ಲ, ಬದಲಿಗೆ ಗರಗಸದಿಂದ ಅಡ್ಡಡ್ಡ ಗೀರು ಎಳೆಯುವರು, ತೆಂಗಿನಕಾಯಿ ತುರಿದ ಹಾಗೆ ಮರದ ಮುಖವೆಲ್ಲ ಎಬ್ಬಿಸಿಬಿಡುವರು. ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಹೊರಗಿನ ಕೆಲಸಕ್ಕೆ ಮಾತ್ರ ಎಲ್ಲಿಲ್ಲದ ಕಾಳಜಿ. ಮೊಳೆ ಹೊಡೆಯುವುದಿಲ್ಲ, ಎಲ್ಲ ಸ್ಕ್ರೂ. ಹಲಗೆ ಕೂಡುವ ಪ್ರತಿ ಸಂದಿಗೂ ಒಳಗಿನಿಂದ ಪುಟ್ಟಿ. ಮೂರು ಕೈ ಬಣ್ಣ, ಅದೂ ನಮ್ಮ ಬಿಸಿಲಿಗೆ ಒಳಗೆ ಬೇಯಬಾರದೆಂದು ತಿಳಿ ಬೂದಿ ಬಣ್ಣ. ಮೇಲೆ ಇಳಿಜಾರಾಗಿ ತಗಡಿನ ಟೊಪ್ಪಿ. ಕೆಳಗೆ ಬಾಯಿ ತೆರೆದಿರಬೇಕು, ಹಿಕ್ಕೆ ತಾನೇ ಉದುರಿ ಹೋಗಲಿ ಎಂದು. ಬಾಯಿಯ ಕೆಳಗೊಂದು ಒರಟು ಹಲಗೆ, ಬಾವಲಿ ಇಳಿದು ಹತ್ತಲು.

"ಪೆಟ್ಟಿಗೆ ಅಂದ್ರೆ ಒಳಗಿದ್ದವರಿಗೆ" ಎನ್ನುವುದು ಅವರ ಮಾತು. "ಹೊರಗಿದ್ದವರಿಗೆ ಯಾವ ಬದಿ ಮೇಲೆ ಅಂತ ಒಂದು ಬಾಣದ ಗುರುತು ಹಾಕಿರೆ ಸಾಕ್."

ಮೂರು ಆಳೆತ್ತರದಲ್ಲಿ, ಬೆಳಗಿನ ಬಿಸಿಲು ಬೀಳುವ ಗೋಡೆಗೆ ಮೊದಲ ಪೆಟ್ಟಿಗೆಯನ್ನು ಹಾಕಿದರು. ಎಂಟು ತಿಂಗಳು ಒಂದು ಬಾವಲಿಯೂ ಬರಲಿಲ್ಲ. ನಾನು ದಿನಾ ಕೆಲಸಕ್ಕೆ ಹೋಗುವಾಗ ಕತ್ತೆತ್ತಿ ನೋಡುತ್ತಿದ್ದೆ, ಖಾಲಿ ಇದ್ದರೆ ನನ್ನ ದಿನ ಚೆನ್ನಾಗಿ ಹೋಗುತ್ತಿತ್ತು. "ಏನು, ಬಾಡಿಗೆದಾರರು ಸಿಗಲಿಲ್ಲವಾ?" ಎಂದು ಕೇಳಿದರೆ, "ಮನೆ ಕಂಡು ಹೋಗಿರ್ತವೆ, ಇನ್ ಮನೆಯವರತ್ರ ಕೇಳಿ ಬರ್ಕಲ್ದಾ" ಎನ್ನುವರು. ಎರಡನೆಯ ಮಳೆಗಾಲಕ್ಕೆ ಬಂದವು. ಮೊದಲು ಮೂರು. ದೀಪಾವಳಿಯ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು.

ಎಣಿಸಿದವಳು ನನ್ನ ಹೆಂಡತಿ. ಇದು ನನ್ನ ಎರಡನೆಯ ಸಿಟ್ಟು. ಸಂಜೆ ಹೊತ್ತು ಅಡುಗೆಮನೆಯ ಕಿಟಕಿಯಲ್ಲಿ ಹುಣಸೆಬೀಜದ ಬಟ್ಟಲು ಇಟ್ಟುಕೊಂಡು, ಒಂದು ಬಾವಲಿ ಹೊರಟರೆ ಒಂದು ಬೀಜ ಇನ್ನೊಂದು ಬಟ್ಟಲಿಗೆ ಹಾಕುವಳು. ಆಮೇಲೆ ಕಿಟಕಿಯಿಂದಲೇ ಕೆಳಗಿನ ಪೆಟ್ಟಿಗೆಯವರಿಗೆ ಕೂಗಿ ಹೇಳುವಳು. ಇಪ್ಪತ್ತು ವರ್ಷ ನಾನು ಮಾಡಿದ ಕೌಂಟರುಗಳನ್ನು ನೋಡಲು ಅವಳು ಒಂದು ಹೋಟೆಲಿಗೂ ಬಂದವಳಲ್ಲ. ಕೇಳಿದರೆ, "ಅದರಲ್ಲಿ ಎಂತ ಉಂಟು ನೋಡ್ಲಿಕ್ಕೆ? ಇದು ಜೀವ ಅಲ್ವಾ" ಎಂದಳು.

ಆಮೇಲೆ ಜನ ಬರತೊಡಗಿದರು. ಕಲ್ಯಾಣದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಹುಡುಗಿಯರನ್ನು ಕಟ್ಟಿಕೊಂಡು ಬಂದು ಫೋಟೋ ತೆಗೆದರು. ಮುಂಬ್ರಾದ ಗುಡ್ಡದ ಬುಡದ ಒಂದು ಸೊಸೈಟಿಯವರು ಎರಡು ಪೆಟ್ಟಿಗೆ ಮಾಡಿಸಿಕೊಂಡು ಹೋದರು. ಗಣೇಶೋತ್ಸವದಲ್ಲಿ ಅವರಿಗೆ ಶಾಲು ಹೊದಿಸಿದರು. ಆ ವೇದಿಕೆಯ ಮಂಟಪ, ಕಂಬ, ಕೆತ್ತನೆ ಎಲ್ಲ ನಾನು ಬಿಟ್ಟಿಯಾಗಿ ಮಾಡಿಕೊಟ್ಟದ್ದು. ಶಾಲು ಪ್ಯಾಕಿಂಗ್ ಕೇಸಿಗೆ! ಮನೆಗೆ ಬಂದು ಊಟ ಬೇಡ ಎಂದು ಮಲಗಿದೆ.

ಹೀಗಾಗಿ ನಾನೂ ಒಂದು ಮಾಡಿದೆ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತು ಎಂದು ನೀವು ನಗಬಹುದು. ಆದರೆ ಅಂಥ ಪೆಟ್ಟಿಗೆ ನೀವು ನೋಡಿರಲಿಕ್ಕಿಲ್ಲ. ಸಾಗುವಾನಿ ಚೌಕಟ್ಟು, ಮೊಳೆಯಿಲ್ಲದ ಹಲ್ಲುಜೋಡಣೆ, ಮೇಲೆ ದೇವಸ್ಥಾನದ ಮಾಡಿನಂಥ ಎರಡಿಳಿಜಾರಿನ ಟೊಪ್ಪಿ, ಎದುರಿಗೆ ಹಿತ್ತಾಳೆಯ ತಗಡಿನಲ್ಲಿ ನನ್ನ ಹೆಸರು. ಕಿರುಬೆರಳಿನ ಅಳತೆ ಅವರಿಂದ ಕದ್ದದ್ದು, ಅದನ್ನು ಒಪ್ಪಿಕೊಳ್ಳುತ್ತೇನೆ. ಉಳಿದದ್ದೆಲ್ಲ ನನ್ನದು. ಒಳಗಿನ ಹಲಗೆಗಳಿಗೂ ಹೊರಗಿನಂತೆಯೇ ಮರಳುಕಾಗದ ಹಿಡಿದು ಮೂರು ಕೈ ಪಾಲಿಶ್ ಕೊಟ್ಟೆ. ಕಾಣದ ಜಾಗ ಎಂದು ಬಿಡುವವನು ಆಚಾರಿಯಲ್ಲ ಎಂದು ನನ್ನ ಗುರು ಕಲಿಸಿದ್ದರು. ಗೇಟಿನ ಬದಿಯ ಗೋಡೆಗೆ ಹಾಕಿಸಿದೆ. ಅದಕ್ಕೂ ಬೆಳಗಿನ ಬಿಸಿಲೇ.

ಪೆಟ್ಟಿಗೆಯವರು ಹಾಕುವ ಮೊದಲು ನೋಡಲು ಬಂದಿದ್ದರು. ಜೋಡಣೆಯ ಮೇಲೆ ಬೆರಳಾಡಿಸಿ, "ಇದು ಕೈಯಾ ಮೆಷಿನ್ನಾ?" ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿ. ಆಮೇಲೆ ಕೆಳಗಿನ ಬಾಯಿಯಿಂದ ಕೈ ಒಳಗೆ ಹಾಕಿ, ಹಾಗೇ ನಿಂತರು.

"ಒಳಗೆ ಪಾಲಿಶ್ ಎಂತಕ್ಕೆ ಮರಾಯ್ರೆ?"

"ಕೆಲಸ ಅಂದ್ರೆ ಪೂರ್ತಿ ಕೆಲಸ" ಎಂದೆ.

"ನಿಮ್ಮ ಗಿರಾಕಿ ಕೈಯಿಂದ ಸವರಿ ಕಾಂಬವನಲ್ಲ. ಉಗುರಲ್ಲಿ ನೇತಾಡುವವ. ಜಾರ್ತಾನೆ." ಕೈ ಹೊರತೆಗೆದು, "ಗೀರು ಹಾಕಿದ ಹಲಗೆ ನನ್ನತ್ರ ಉಂಟು, ಕೊಡ್ತೆ" ಎಂದರು.

ಅವರು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಗೊತ್ತಾದದ್ದನ್ನು ಒಪ್ಪಿಕೊಂಡರೆ ನನ್ನ ಇಪ್ಪತ್ತೈದು ವರ್ಷದ ಕೈ ಎಲ್ಲಿಗೆ ಹೋಗಬೇಕು? "ನನ್ನ ಹೆಸರು ಬರೆದ ಪೆಟ್ಟಿಗೆಯೊಳಗೆ ಪ್ಯಾಕಿಂಗ್ ಕೇಸಿನ ಹಲಗೆ ಹಾಕುವುದಿಲ್ಲ" ಎಂದೆ. ಇಷ್ಟು ಹೇಳಿದ ಮೇಲೆ ಬೇರೆಯವರಾಗಿದ್ದರೆ ಮಾತು ಬಿಡುತ್ತಿದ್ದರು. ಇವರು, "ಅದೂ ಹೌದ್" ಎಂದು ಏಣಿಯ ಇನ್ನೊಂದು ತುದಿ ಹಿಡಿದರು.

ಮೂರು ವರ್ಷ ಖಾಲಿ. ಚೇರ್ಮನ್ ಗೇಟಿನಲ್ಲಿ ಸಿಕ್ಕಿದಾಗಲೆಲ್ಲ, "ಕಾಯ್ ಸಾಹೇಬ್, ಫ್ಲ್ಯಾಟ್ ಅಜೂನ್ ರಿಕಾಮಾ?" ಫ್ಲ್ಯಾಟ್ ಇನ್ನೂ ಖಾಲಿಯೇ ಎಂದು ಮರಾಠಿಯಲ್ಲಿ ಕೇಳಿ ನಗುವರು. ನಾನು ಪೆಟ್ಟಿಗೆಯವರಿಗೆ ಕೇಳಿದ ಪ್ರಶ್ನೆಯೇ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಗೇಟಿನ ಸದ್ದು, ಬೀದಿದೀಪ, ಟವರಿನ ಧೂಳು ಎಲ್ಲವನ್ನೂ ದೂರಿದೆ. ಹೆಂಡತಿಯ ಜೊತೆ ಸರಿಯಾಗಿ ಮಾತೂ ಇರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಹುಣಸೆಬೀಜದ ಸದ್ದು ಕೇಳಿದರೆ ಟಿವಿ ಜೋರು ಮಾಡುತ್ತಿದ್ದೆ. ನನ್ನ ಆಸೆ ಬಹಳ ದೊಡ್ಡದೇನೂ ಆಗಿರಲಿಲ್ಲ. ಒಂದು ಬಾವಲಿ. ಒಂದೇ ಒಂದು ನನ್ನ ಪೆಟ್ಟಿಗೆಗೆ ಬಂದರೆ ಸಾಕಿತ್ತು.

ಆಮೇಲೆ ನಾಸಿಕದಲ್ಲಿ ಒಂದು ಹೋಟೆಲಿನ ಕೆಲಸ ಸಿಕ್ಕಿ ಎರಡು ತಿಂಗಳು ಅಲ್ಲೇ ಇದ್ದೆ. ವಾಪಸು ಬಂದ ಮೂರನೆಯ ತಿಂಗಳು, ಮಳೆ ಶುರುವಾದ ವಾರ, ಹೆಂಡತಿ ಅಡುಗೆಮನೆಯಿಂದ ಕರೆದಳು. "ಬನ್ನಿ ಒಮ್ಮೆ. ಗೇಟಿನ ಬದಿ ನೋಡಿ." ಎರಡು ಬಾವಲಿ ನನ್ನ ಪೆಟ್ಟಿಗೆಯಿಂದ ಜಾರಿ ಬಿದ್ದಂತೆ ಹೊರಬಿದ್ದು ಟವರಿನ ಕಡೆ ಹಾರಿದವು. ಐವತ್ತು ದಾಟಿದ ಗಂಡಸು ನಾನು, ಗ್ಯಾಸಿನ ಪಕ್ಕದಲ್ಲಿ ನಿಂತು ಅತ್ತೆ. ಅವಳು ಎರಡು ಹುಣಸೆಬೀಜ ನನ್ನ ಕೈಗೆ ಹಾಕಿದಳು.

ಆ ವರ್ಷದ ಗಣೇಶೋತ್ಸವದಲ್ಲಿ ಶಾಲು ನನಗೆ. ಮೈಕ್ ಹಿಡಿದು ನಾನು ಆಡಿದ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಪಾಲಿಶ್ ಮಾಡಿದ ಮರಕ್ಕೆ ಬಾವಲಿ ಬರುವುದಿಲ್ಲ ಎನ್ನುವವರು ನಮ್ಮ ನಡುವೆ ಇದ್ದರು. ಒಳ್ಳೆಯ ಕೆಲಸ ಯಾವುದು ಎಂದು ಮನುಷ್ಯರಿಗೆ ತಿಳಿಯಲು ತಡವಾಗಬಹುದು, ಪ್ರಾಣಿಗಳಿಗೆ ತಿಳಿಯುತ್ತದೆ" ಎಂದೆ. ಎರಡನೆಯ ಸಾಲಿನಲ್ಲಿ ಪೆಟ್ಟಿಗೆಯವರು ಕುಳಿತಿದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಅವರು. ಆಮೇಲೆ ಪ್ರಸಾದದ ಸಾಲಿನಲ್ಲಿ ಸಿಕ್ಕಿ, "ಬಂದ್ವಲ್ಲ, ಇನ್ ಹೆದರಿಕೆ ಇಲ್ಲೆ, ತಲೆಮಾರಿಗೆ ಬಪ್ಪುದು" ಎಂದರು. ಸೋತವರು ಹೀಗೆ ಮಾತಾಡಬಾರದು. ಅವರ ಮೀಸೆ ಮಣ್ಣಾದದ್ದು ನನಗೆ ಕಾಣಲೇ ಇಲ್ಲ ಎಂದು ಗೆದ್ದ ದಿನವೂ ನನಗೆ ಕರುಬು.

ನಾಲ್ಕು ವರ್ಷ ಕಳೆದು ಅವರು ಹೋದರು. ಎದೆನೋವು ಎಂದು ಬೆಳಿಗ್ಗೆ ಡೊಂಬಿವ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು, ಮಧ್ಯಾಹ್ನಕ್ಕೆ ಮುಗಿಯಿತು. ಅವರ ಪೆಟ್ಟಿಗೆಗಳು ಆಗ ಸೊಸೈಟಿಯ ಗೋಡೆಗಳ ಮೇಲೆ ಐದು ಇದ್ದವು. ಯಾವುದಕ್ಕೂ ಒಂದು ಸ್ಕ್ರೂ ಸಡಿಲಾಗಿರಲಿಲ್ಲ.

ಸಂತಾಪಸಭೆಗೆ ಕಲ್ಯಾಣದ ಮೇಡಂ ಕೂಡ ಬಂದಿದ್ದರು. ಎರಡು ವಾರ ಬಿಟ್ಟು ಅವರ ಫೋನು. ಕಾಲೇಜಿನ ಆವರಣಕ್ಕೆ ಹತ್ತು ಪೆಟ್ಟಿಗೆ ಬೇಕಂತೆ, ಪೆಟ್ಟಿಗೆಯವರಿಗೇ ಹೇಳಬೇಕೆಂದಿದ್ದರಂತೆ. "ಅಬ್ ಆಪ್ ಹೀ ಬನಾಯಿಯೇ. ಆಪ್ ಕಾ ಬಾಕ್ಸ್ ಭೀ ಇತನೇ ಸಾಲ್ ಸೇ ಅಚ್ಛಾ ಚಲ್ ರಹಾ ಹೈ." ಇನ್ನು ನಾನೇ ಮಾಡಬೇಕಂತೆ, ನನ್ನ ಪೆಟ್ಟಿಗೆಯೂ ಇಷ್ಟು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆಯಂತೆ. ಫೋನಿಟ್ಟು ಕನ್ನಡಿ ನೋಡಿಕೊಂಡೆ. ಕಡೆಗೂ ಬಾಕಿ ಉಳಿದವನು ನಾನೊಬ್ಬನೇ ಎಂಬ ನೀಚ ಸಂತೋಷ ಮುಖದಲ್ಲಿತ್ತು.

ನನ್ನ ಪೆಟ್ಟಿಗೆಯ ಡ್ರಾಯಿಂಗ್ ಎಲ್ಲೋ ಕಳೆದಿತ್ತು. ಮತ್ತೆ ಅಳತೆ ತೆಗೆಯಲು, ಮರಿ ಹಾಕುವ ತಿಂಗಳುಗಳು ಕಳೆಯುವವರೆಗೆ ಕಾದು, ಒಂದು ಸಂಜೆ ಬಾವಲಿಗಳೆಲ್ಲ ಹೊರಟ ಮೇಲೆ ಏಣಿ ಹಾಕಿದೆ. ಹೆಂಡತಿ ಏಣಿ ಹಿಡಿದಳು. "ಬಿಚ್ಚುವುದು ಯಾಕೆ? ಹೊರಗಿಂದಲೇ ಅಳತೆ ತೆಗೀರಿ" ಎಂದು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಹಗ್ಗ ಕಟ್ಟಿ ಕೆಳಗಿಳಿಸುವಾಗ, ನಾನು ಮಾಡಿದ್ದಕ್ಕಿಂತ ಭಾರ ಅನ್ನಿಸಿತು. ನನ್ನದೊಂದು ಅಭ್ಯಾಸ ಉಂಟು, ಹಿತ್ತಾಳೆ ಸ್ಕ್ರೂಗಳ ತಲೆಗೀರುಗಳೆಲ್ಲ ಒಂದೇ ನೇರಕ್ಕೆ ನಿಲ್ಲಿಸುವುದು. ಹಿಂದಿನ ಹಲಗೆಯ ಎಂಟು ಸ್ಕ್ರೂಗಳೂ ಹಾಗೇ ನೇರ ನಿಂತಿದ್ದವು. ಬಿಚ್ಚಿದೆ.

ಒಳಗಿನದು ನನ್ನ ಕೆಲಸವಲ್ಲ. ಮೂರೂ ಹಲಗೆ ಪ್ಯಾಕಿಂಗ್ ಕೇಸಿನವು. ಅಡ್ಡಡ್ಡ ಗರಗಸದ ಗೀರು, ಉಗುರು ಹಿಡಿದು ಹಿಡಿದು ಗೀರಿನ ಅಂಚು ಕಪ್ಪಾಗಿದೆ. ಒಂದರ ಮೂಲೆಯಲ್ಲಿ ಅರ್ಧ ಅಳಿಸಿದ ಬಾಣದ ಗುರುತು. ಹಿಂದಿನ ಹಲಗೆಯ ಒಳಮೈಯ ಪಾಲಿಶನ್ನೂ ಕೆರೆದು ತೆಗೆದಿದ್ದರು. ಚೌಕಟ್ಟಿಗೆ ಮಾತ್ರ ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ.

ಹೆಂಡತಿಯ ಮುಖ ನೋಡಿದೆ. ಅವಳು ಏಣಿಯನ್ನೇ ಹಿಡಿದು ನಿಂತಿದ್ದಳು, ಆಗ ಅದರ ಮೇಲೆ ಯಾರೂ ಇಲ್ಲದಿದ್ದರೂ.

"ನಾಸಿಕಕ್ಕೆ ಹೋಗಿದ್ರಲ್ಲ, ಆಗ" ಎಂದಳು. "ನಾನೇ ಹೋಗಿ ಕೇಳಿದ್ದು. ಮೂರು ವರ್ಷ ಮನೆಯಲ್ಲಿ ಮಾತಿಲ್ಲ, ನಗು ಇಲ್ಲ, ನಾನು ಎಂತ ಮಾಡ್ಲಿ? ಅವ್ರು ಮೊದಲು ಒಪ್ಪಲಿಲ್ಲ. 'ಅದು ನಿಮ್ಮ ಯಜಮಾನರ ಪೆಟ್ಟಿಗೆ, ಅವರೇ ಬೇಡ ಅಂದಿದ್ದಾರೆ' ಅಂದ್ರು. ಆಮೇಲೆ ಎರಡು ದಿನ ಯೋಚನೆ ಮಾಡಿ ಬಂದ್ರು."

"ನನ್ನ ಹಲಗೆಗಳು?"

"ಅಟ್ಟದಲ್ಲಿ. ಉಪ್ಪಿನಕಾಯಿ ಜಾಡಿಗಳ ಕೆಳಗೆ ಹಾಸಿದ್ದೇನೆ. ಬಿಸಾಡಬೇಡಿ, ಒಳ್ಳೆ ಕೆಲಸ ಅಂತ ಅವ್ರೇ ಹೇಳಿದ್ರು."

ಸಿಟ್ಟು ಬರಬೇಕಿತ್ತು. ಬಂದದ್ದು ಆ ಚಪ್ಪಾಳೆಯ ನೆನಪು. ನಾನು ಶಾಲು ಹೊದ್ದು ಪಾಲಿಶಿನ ಬಗ್ಗೆ ಭಾಷಣ ಬಿಗಿಯುವಾಗ, ಆ ಪೆಟ್ಟಿಗೆಯೊಳಗೆ ಪಾಲಿಶ್ ಇಲ್ಲವೆಂದು ಗೊತ್ತಿದ್ದವರು ಆ ಅಂಗಳದಲ್ಲಿ ಇಬ್ಬರೇ. ಒಬ್ಬರು ತಲೆ ತಗ್ಗಿಸಿದ್ದರು, ಅದು ನನ್ನ ಹೆಂಡತಿ. ಇನ್ನೊಬ್ಬರು ಚಪ್ಪಾಳೆ ತಟ್ಟಿದರು.

"ಅವರ ಪೆಟ್ಟಿಗೆ ಖಾಲಿ ಇದ್ದಿದ್ರೆ ನೀವು ಹೋಗಿ ಸರಿ ಮಾಡ್ತಿದ್ರಾ?" ಎಂದು ಅವಳು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ಸುಮ್ಮನೆ ಕೇಳಿದಳು. ಬಾವಲಿಗಳು ವಾಪಸು ಬರುವ ಮೊದಲು ಪೆಟ್ಟಿಗೆ ಮೇಲೇರಬೇಕಿತ್ತು. ಸ್ಕ್ರೂ ಬಿಗಿದು ಹಗ್ಗ ಎಳೆದೆ.

ಮರುದಿನ ಮೇಡಂಗೆ ಫೋನ್ ಮಾಡಿ ಹೇಳಿದೆ, ಆ ಪೆಟ್ಟಿಗೆಯ ಹೊರಗಿನ ಕೆಲಸ ಮಾತ್ರ ನನ್ನದು, ಬಾವಲಿ ಬಂದದ್ದು ಪೆಟ್ಟಿಗೆಯವರ ಕೆಲಸಕ್ಕೆ ಎಂದು. "ಫಿರ್ ಭೀ ಆಪ್ ಬನಾಯೇಂಗೇ ನ?" ಆದರೂ ಮಾಡಿಕೊಡುತ್ತೀರಲ್ಲ ಎಂದು ಕೇಳಿದರು. ಹೂಂ ಎಂದೆ.

ಸತ್ತವರ ಮೇಲೆ ಮತ್ಸರ ಇರಬಾರದು ಎನ್ನುತ್ತಾರೆ. ನನಗೆ ಈಗ ಮೊದಲಿಗಿಂತ ಹೆಚ್ಚಾಗಿದೆ. ಮೊದಲು ಅವರ ಬಾವಲಿಗಳ ಮೇಲಿತ್ತು, ಅವರ ಶಾಲಿನ ಮೇಲಿತ್ತು. ಈಗ, ಎರಡು ದಿನ ಯೋಚನೆ ಮಾಡಿ ನನ್ನ ಗೋಡೆಗೆ ಏಣಿ ಹಾಕಿದ ಆ ಮನಸ್ಸಿನ ಮೇಲೆ. ಅದನ್ನು ಕದಿಯಲು ಬೆರಳಿನ ಅಳತೆಯೂ ಸಿಗುವುದಿಲ್ಲ.

ಕಾಲೇಜಿಗೆ ಮೊದಲ ಪೆಟ್ಟಿಗೆ ಮಾಡಿ ಕೊಟ್ಟಿದ್ದೇನೆ. ಹೆಸರಿನ ತಗಡು ಹಾಕಿಲ್ಲ. ಒಳಗಿನ ಹಲಗೆಗೆ ಗೀರು ಎಳೆಯುವಾಗ ಕೈ ತಾನಾಗಿ ಮರಳುಕಾಗದದ ಕಡೆ ಹೋಗುತ್ತಿತ್ತು, ತಡೆದು ತಡೆದು ಎಳೆದೆ. ಗೀರು ಸಾಕಷ್ಟು ಆಳವಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲು ಜನವಿಲ್ಲ. ಒಂದು ವರ್ಷವಾಗುತ್ತ ಬಂತು. ಇನ್ನೂ ಖಾಲಿ ಇದೆ. ನಾನು ಊರಲ್ಲಿಲ್ಲದಾಗ ಬಂದು ಬಿಚ್ಚಿ ಸರಿಮಾಡಿ, ಸ್ಕ್ರೂಗಳನ್ನು ನೇರ ನಿಲ್ಲಿಸಿ ಹೋಗುವವರು ಈ ಸಲ ಯಾರೂ ಇಲ್ಲ.